ಹೊರಗ ಹಾಕ್ಯಾರ ಕೀಲಿ

...ಮತ್ತ ಅದನ್ನೇ ಕೇಳ್ತಿಯಲ್ಲ ಮಲ್ಲೇಶ್ವರಿ. ಹೇಳಿದ್ನಲ್ಲ, ಅವ್ವ ಹೊರಗಿಂದ ಕೀಲಿ ಹಾಕ್ಕೊಂಡು ಕಂಪನಿಗೆ ಹೋಗ್ಯಾಳ. ನಾ ಸಾಲಿಗೆ ಹೆಂಗ ಬರ್ಲಿ? ಈ ಕಿಟಕಿ ಸರಳಿನಾಗ ತೂರಿ ಬರ್ಲೇನು? ನಗಬ್ಯಾಡ. ಈ ಶೆಡ್ಡಿನ ತಗಡು ಕಾದು ಹೆಂಚಾಗ್ಯದ, ಉಸಿರು ಕಟ್ಟಾಕತ್ತದ. ನೀನರ ಉಣ್ಣೋ ಬಿಡುವಿನ್ಯಾಗ ಇಷ್ಟು ದೂರ ಯಾಕ ಬಂದಿ?

ಏ, ಮುಂದಿನ ಬಾಗಿಲಿಗೆ ಹೋಗಬ್ಯಾಡ. ಅಲ್ಲಿ ಬಟ್ಟಿ ತೊಳದ ನೀರು ನಿಂತು ಕೆಸರಾಗ್ಯದ. ಇಲ್ಲೇ ಹಿಂದ ನಿಂತು ಮಾತಾಡು.

ನಮ್ಮೂರು ಕೊಂಕಲ್‌ದಾಗ ನಮಗ ಕೀಲಿನೇ ಇರಲಿಲ್ಲ, ಗೊತ್ತೇನು? ಕುರಿ ಎಲ್ಲಿ ತಂಗತಾವ ಅಲ್ಲೇ ಮನಿ. ಅಪ್ಪ ಕುರಿ ಮಾರಿ ಈ ಕಡೇಚೂರಿನ ಕಂಪನಿಗೆ ವಾಚ್‌ಮನ್ ಆಗಿ ಬಂದ, ನಾವೂ ಬಂದ್ವಿ. "ಹಣಮಮ್ಮ, ಇನ್ನ ನೀ ಸಾಲಿ ಕಲೀತಿ" ಅಂದ. ಏನು ಕಲಿತೆ, ಮಣ್ಣು.

ಅವತ್ತು ನಾ ತಪ್ಪೇನು ಮಾಡ್ದೆ, ನೀನ ಹೇಳು. ಸಾಲಿ ಬಿಟ್ಟಿತ್ತು. ಸಣ್ಣ ಹುಡುಗ್ರು ರೋಡಿಗೆ ಹೊಂಟಿದ್ವು, ಆಕಡಿಂದ ಟ್ಯಾಂಕರ್ ಬರಾಕತ್ತಿತ್ತು. ಅವುಗಳ ಹೆಸರು ನನಗ ಗೊತ್ತಿಲ್ಲ. ಬಾಯಾಗ ಬಂದದ್ದು ಕುರಿ ತಿರುಗಿಸೋ ಕೂಗೇ... ಟ್ರ್ರ್ರ್ ಹೋಯ್, ಟ್ರ್ರ್ರ್ ಹೋಯ್... ಕೈ ಅಗಲ ಮಾಡಿ ಹಿಂದಕ್ಕ ಹೊಡಕೊಂಡು ಬಂದೆ. ಎಲ್ಲಾ ನಿಂತ್ವು ಮತ್ತ! ಅದಕ್ಕ ಸಾಲಿ ತುಂಬ ನಗು. ಮರುದಿನ ನಾ ಒಳಗ ಕಾಲಿಡೋದೇ ತಡ, 'ಬ್ಯಾ... ಬ್ಯಾ...' ಸರ್ ಸುದ್ದಾ ನಕ್ಕರು.

ನೀನೂ ನಕ್ಕಿ. ನಾ ನೋಡೀನಿ, ಇಲ್ಲ ಅನ್ನಬ್ಯಾಡ.

ಆದ್ರ ಅದಕ್ಕಂತ ನಾ ಬರೋದು ಬಿಟ್ಟಿಲ್ಲ ಮತ್ತ. ಕೀಲಿ ಹಾಕ್ಯಾರ, ಅದಕ್ಕ.

ಮಲ್ಲಿ? ಎಲ್ಲಿ ಹೋದಿ? ...ಮುಂದ ಯಾಕ ಬಂದಿ? ಕೆಸರದ ಅಂದ್ನಲ್ಲ. ಸಂದಿನ್ಯಾಗ ಕಾಣ್ತದ, ಬಾಗಿಲ ಕೊಂಡಿ ಏನು ನೋಡಾಕತ್ತಿ? ...ಕೀಲಿ ಯಾರರ ತಗೊಂಡು ಹೋಗಿರಬೇಕು. ಇಲ್ಲಾಂದ್ರ ಅವ್ವ ಮರತಿರಬೇಕು...

...ಹೌದು. ಕೀಲಿ ಹಾಕಿಲ್ಲ. ನಾ ಸಾಲ್ಯಾಗ ಇದ್ದೀನಿ ಅಂತನೇ ಅವ್ವ ತಿಳಕೊಂಡಾಳ. ಒಳಗ ಚಿಲಕ ನಾನ ಹಾಕ್ಕೊಂಡೀನಿ. ಅಂಜಿಕಿ ಆಗ್ತದ ನನಗ. ಹೊರಗ ಬಂದ್ರ ಎಲ್ಲಾರೂ ನನ್ನನ್ನೇ ನೋಡ್ತಾರ ಅನಸ್ತದ.

ಹೋದಿಯೇನು? ...ಇಲ್ಲ, ಬಾಗಿಲ ತಗಡು ಸಪ್ಪಳಾತು. ಬಾಗಿಲಿಗೆ ಬೆನ್ನು ಹಚ್ಚಿ ಕುಂತೀಯೇನು? ಬಿಡುವು ಮುಗದು ಗಂಟಿ ಹೊಡೀತಾರ, ನಿನಗ ಸರ್ ಬೈತಾರ. ಏಳು, ಹೋಗು. ...ಏಳೋದಿಲ್ಲ?

ಹಂಗಾರ ಜರಾ ಆಕಡಿ ಸರಿ. ಈ ಬಾಗಿಲು ಹೊರಗ ತೆರೀತದ.