ಕತ್ತರಿಸದೆ ಹೊರಬಂದ ಎಂಟು ಹಗ್ಗಗಳು

ಗುಡಾರದಕ್ಕ ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು 53 ವರ್ಷ, ಉದ್ಯೋಗ ಗುಡಾರ ಮತ್ತು ಟಾರ್ಪಾಲಿನ್ ಹೊಲಿಗೆ, ವಾಸ ಹಳೆಯ ಮರದ ಡಿಪೋ ಹಿಂದಿನ ರಸ್ತೆ, ಎರಡನೇ ತಗಡಿನ ಶೆಡ್ಡಿನ ಮೇಲ್ಮನೆ. ಯಾರೂ ಹೇಳಿಕಳಿಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಸೇನಾ ನೆಲೆಯವರು ತಮಗೆ ಬೇಡವೆಂದು ತೆಗೆದಿಟ್ಟ ಸಾಮಾನನ್ನು ಹರಾಜಿನಲ್ಲಿ ಹಿಡಿದು ತಂದು, ರಿಪೇರಿ ಮಾಡಿ ಮಾರುವ ಕೆಲಸವನ್ನು ಇಪ್ಪತ್ತೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ಜೊತೆಗಿರುವವನು ನನ್ನ ಒಬ್ಬನೇ ತಮ್ಮ, ವಯಸ್ಸು 41. ಅವನಿಗೆ ಮೂರು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಅಂದಿನಿಂದ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಬರೆದುಕೊಳ್ಳುತ್ತಿರುವ ದಫೇದಾರರು ಇದು ಪ್ರಕರಣಕ್ಕೆ ಬೇಡ ಎಂದರು. ಬೇಕು, ಬರೆಯಿರಿ ಎಂದಿದ್ದೇನೆ.

ಈ ತಿಂಗಳ 3ನೇ ತಾರೀಕು ಬೆಳಿಗ್ಗೆ 5.40ಕ್ಕೆ ನಾನು ಮತ್ತು ತಮ್ಮ ಬಾಡಿಗೆ ಲಾರಿಯಲ್ಲಿ ಹೊರಟು, 46 ಕಿಲೋಮೀಟರ್ ದೂರದ ನೆಲೆಯನ್ನು 7.15ಕ್ಕೆ ತಲುಪಿದೆವು. 8ಕ್ಕೆ ಗೇಟು ತೆರೆದರು. ಈ ಸಲ ನಮ್ಮ ಪಾಲಿಗೆ ಬಂದದ್ದು ಗುಡಾರ 22, ಬಟ್ಟೆಯ ಹಳೆಯ ಪಟ್ಟಿಗಳು ಒಂದು ರಾಶಿ, ಗುಡ್ಡ ಹತ್ತುವ ಹಗ್ಗ 16. ಪ್ರತಿ ಹಗ್ಗದ ಉದ್ದ 50 ಮೀಟರ್.

ಸೇನೆಯವರ ಲೆಕ್ಕದಲ್ಲಿ ಹಗ್ಗಕ್ಕೂ ಆಯಸ್ಸಿದೆ. ಅದು ಮುಗಿದ ಮೇಲೆ, ಬಳಸಿರಲಿ ಬಿಡಲಿ, ಮನುಷ್ಯನ ಭಾರ ಅದರ ಮೇಲೆ ಬೀಳಬಾರದು. ಆದರೆ ಹೊರಗಿನಿಂದ ನೋಡಿದರೆ ಹೊಸ ಮದುಮಗನ ಹಾಗೆ ಮಿರಮಿರ ಮಿಂಚುತ್ತಿರುತ್ತದೆ. ಯಾರೂ ಮೋಸಹೋಗದಿರಲಿ ಎಂದು, ಕೊಂಡವರೇ ಅಲ್ಲಿನ ಅಂಗಳದಲ್ಲಿ ಮರದ ದಿಮ್ಮಿಯ ಮೇಲಿಟ್ಟು ಕೊಡಲಿಯಿಂದ ಒಂದೊಂದು ಮೀಟರಿಗೆ ತುಂಡು ಮಾಡಿ, ಎಲ್ಲವನ್ನೂ ಕತ್ತರಿಸಿದ್ದೇವೆ ಎಂದು ಸಹಿ ಹಾಕಿದರಷ್ಟೇ ಹೊರಗೆ ಬಿಡುತ್ತಾರೆ. ತುಂಡುಗಳನ್ನು ನಾನು ಟಾರ್ಪಾಲಿನ್ನಿನ ಅಂಚಿಗೆ ಹಿಡಿಕೆಯಾಗಿ ಹೊಲಿಯುತ್ತೇನೆ.

ತಮ್ಮ ಪ್ರತಿ ಸಲವೂ, ಇಂಥ ಬಂಗಾರದಂಥ ಹಗ್ಗಾನ ಕೊಚ್ಚಿ ಹಾಕೋಕೆ ಕೈಯಾದ್ರೂ ಹೇಗೆ ಬರುತ್ತೆ ಅಕ್ಕಾ ಎಂದು ಗೊಣಗುತ್ತಿದ್ದ. ನಾನು ಪ್ರತಿ ಸಲವೂ, ಬಾಯಿ ಮುಚ್ಕೊಂಡು ಕೊಚ್ಚು ಎನ್ನುತ್ತಿದ್ದೆ.

ನಮ್ಮದೊಂದು ಪದ್ಧತಿ ಇದೆ. ಹಗ್ಗದ ತುದಿಯನ್ನು ಸುಟ್ಟು ಮುದ್ದೆ ಮಾಡಿ ಕೆಂಪು ಪಟ್ಟಿ ಸುತ್ತಿರುತ್ತಾರೆ. ಅವನು ಕತ್ತರಿಸುವಾಗ ಪ್ರತಿ ಹಗ್ಗದ ಮೊದಲ ತುಂಡನ್ನು, ಕೆಂಪು ಪಟ್ಟಿ ಕಾಣುವಂತೆ, ಗೋಡೆಯ ಪಕ್ಕ ಸಾಲಾಗಿ ಇಡಬೇಕು. ಅದಕ್ಕೆ ನಾವು ತಲೆತುಂಡು ಎನ್ನುತ್ತೇವೆ. ನಾನು ಬಂದು ತಲೆತುಂಡು ಎಣಿಸಿ ಸಹಿ ಹಾಕುತ್ತೇನೆ. ಉಳಿದ ತುಂಡುಗಳು ಅಷ್ಟರಲ್ಲಿ ಚೀಲ ಸೇರಿರುತ್ತವೆ.

ಅಂದು 9.10ರಿಂದ 11.25ರವರೆಗೆ ನಾನು ನಲವತ್ತು ಹೆಜ್ಜೆ ಆಚೆಯ ಶೆಡ್ಡಿನಲ್ಲಿ ಗುಡಾರಗಳನ್ನು ಬಿಡಿಸಿ ಹರಕು ನೋಡುತ್ತಿದ್ದೆ. ಕತ್ತರಿಸುವುದನ್ನು ನೋಡಿಕೊಳ್ಳಬೇಕಾದ ಉಗ್ರಾಣದ ಸಾಹೇಬರು ಇನ್ನೊಂದು ಲಾರಿ ಬಂತೆಂದು ನಡುವೆ ಎದ್ದುಹೋಗಿದ್ದರಂತೆ. ನಾನು ಬಂದಾಗ ತಮ್ಮ ಲಾರಿಯ ಮೇಲೆ ನಿಂತು ಗುಡಾರದ ಗಂಟುಗಳನ್ನು ಚೀಲಗಳ ಮೇಲೆ ಎಳೆಯುತ್ತಿದ್ದ. ಮುಗೀತಾ ಎಂದು ಕೇಳಿದೆ. ಮುಗೀತು ಅಕ್ಕಾ, ಹದಿನಾರೂ ಕೈಲಾಸ ಸೇರಿದ್ವು, ಎಣಿಸ್ಕೋ ಎಂದ. ಎಣಿಸಿದೆ. ಕೆಂಪು ಪಟ್ಟಿಯ ತುಂಡು ಹದಿನಾರಿದ್ದವು. ಸಹಿ ಹಾಕಿದೆ. 12.05ಕ್ಕೆ ಗೇಟು ದಾಟಿದೆವು. ದಾರಿಯುದ್ದಕ್ಕೂ ಅವನು ಸಿಳ್ಳೆ ಹಾಕುತ್ತಿದ್ದ.

ಇಂದು, 18ನೇ ತಾರೀಕು, ಬೆಳಿಗ್ಗೆ 11ಕ್ಕೆ, ಗೋಡೆಗೆ ಬಣ್ಣ ಹೊಡೆಯುವ ಹಲ್ಲಿ ಬಿದ್ದ ಎಂದು ಹಲ್ಲಿಯ ಹೆಂಡತಿ ಓಡಿಬಂದು ಹೇಳಿದಳು. ಎಷ್ಟೇ ಎತ್ತರದ ಗೋಡೆಯಾದರೂ ಅಂಟಿಕೊಂಡು ಕೆಲಸ ಮಾಡುತ್ತಾನೆಂದು ಅವನಿಗೆ ಆ ಹೆಸರು. ನಮ್ಮ ಶೆಡ್ಡಿನ ಎದುರು ಮನೆಯವನು. 10.15ಕ್ಕೆ ಎರಡನೇ ಮಹಡಿಯ ಕಿಟಕಿಯ ಮಟ್ಟದಲ್ಲಿ ನೇತಾಡುತ್ತಿದ್ದಾಗ ಹಗ್ಗ ತುಂಡಾಗಿ, ಸುಮಾರು ಆರು ಮೀಟರ್ ಕೆಳಗೆ ಮರಳಿನ ಗುಡ್ಡೆಯ ಮೇಲೆ ಬಿದ್ದಿದ್ದಾನೆ.

12.10ಕ್ಕೆ ನಾನು ಆಸ್ಪತ್ರೆಗೆ ಹೋದೆ. ಅವನನ್ನು ಮೊಣಕೈ ಬಳಿ ಬಣ್ಣ ಮೆತ್ತಿದ ಅಂಗಿಯಲ್ಲೇ ತಳ್ಳುಗಾಡಿಯ ಮೇಲೆ ಮಲಗಿಸಿದ್ದರು. ಮಾತಾಡುತ್ತಿದ್ದ. ಕಾಲು ಅಲ್ಲಾಡಿಸು ಎಂದರೆ ಅಲ್ಲಾಡಿಸುತ್ತಿದ್ದೇನಲ್ಲಾ ಎನ್ನುತ್ತಿದ್ದ, ಕಾಲು ಅಲ್ಲಾಡುತ್ತಿರಲಿಲ್ಲ. ಹಗ್ಗ ಎಲ್ಲಿಂದ ತಂದೆ ಎಂದು ಕೇಳಿದೆ. ನಿಮ್ಮ ತಮ್ಮನೇ ಕೊಟ್ರು, ಅಕ್ಕ ಎಳೆದು ನೋಡಿ ಪಾಸ್ ಮಾಡಿರೋ ಮಾಲು ಅಂದ್ರು, ಅಕ್ಕ ನೋಡಿದ್ದಾರೆ ಅಂದ್ಮೇಲೆ ನಾನ್ಯಾಕೆ ನೋಡ್ಲಿ ಎಂದ. ಇದನ್ನು ಹೇಳುವಾಗ ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತುಂಡಾದ ಹಗ್ಗವನ್ನು ಅವನ ಹೆಂಡತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹಸಿರು ಹಗ್ಗ, ನಡುವೆ ಹಳದಿ ಎಳೆ. ನಾವು ತಂದ ಹದಿನಾರರಲ್ಲಿ ಒಂದು.

1.05ಕ್ಕೆ ಶೆಡ್ಡಿಗೆ ಮರಳಿ, ಒಬ್ಬಳೇ ಕೂತು ಎಲ್ಲ ಚೀಲ ಸುರಿದೆ. ಹದಿನಾರು ಹಗ್ಗಕ್ಕೆ 800 ತುಂಡು ಇರಬೇಕು. ಇದ್ದದ್ದು 400. ಉಳಿದ ಚೀಲಗಳಲ್ಲಿ ಬಟ್ಟೆಯ ಪಟ್ಟಿ ತುರುಕಿದ್ದ. ಆಗ ಅರ್ಥವಾಯಿತು. ಎಂಟೇ ಹಗ್ಗ ಕತ್ತರಿಸಿ, ಅವುಗಳ ಎರಡೂ ಕಡೆಯ ಕೆಂಪು ಪಟ್ಟಿಯ ತುಂಡುಗಳನ್ನು ಸಾಲಿನಲ್ಲಿಟ್ಟು ಹದಿನಾರು ಮಾಡಿದ್ದಾನೆ. ಉಳಿದ ಎಂಟನ್ನು ಇಡಿಯಾಗಿಯೇ ಗುಡಾರದ ಗಂಟುಗಳ ಅಡಿ ಮುಚ್ಚಿ ಗೇಟು ದಾಟಿಸಿದ್ದಾನೆ. ಹಗ್ಗಕ್ಕೆ ಎರಡು ತುದಿ ಇರುತ್ತದೆ ಎಂಬುದು ಮಗುವಿಗೂ ಗೊತ್ತು. ಇಪ್ಪತ್ತೊಂದು ವರ್ಷ ಒಂದೇ ತುದಿ ಎಣಿಸಿಕೊಂಡು ಬಂದ ನನ್ನ ಬುದ್ಧಿಗೆ ಏನು ಹೇಳಲಿ. ಅವನಿಗೆ ಆ ಎಣಿಕೆ ಕಲಿಸಿದವಳೂ ನಾನೇ.

2.30ಕ್ಕೆ ತಮ್ಮ ಊಟಕ್ಕೆ ಬಂದ. ತುಂಡುಗಳ ರಾಶಿ ನೋಡಿ ಬಾಗಿಲಲ್ಲೇ ನಿಂತ. ಮೊದಲು ನನಗೇನೂ ಗೊತ್ತಿಲ್ಲ ಎಂದ. ಆಮೇಲೆ ಹಲ್ಲಿ ಸರಿಯಾಗಿ ಗಂಟು ಹಾಕಿಲ್ಲ ಎಂದ. ನಾನು ಅವನ ಕೆನ್ನೆಗೆ ಒಂದು ಬಾರಿಸಿದೆ. ಇದನ್ನೂ ಬರೆದುಕೊಳ್ಳಿ. ಆಗ ಕೂತು, ಎಂಟು ಹಗ್ಗ ಇಡಿಯಾಗಿ ಮಾರಿದ್ದು ನಿಜ ಎಂದ. ಒಂದು ಹಲ್ಲಿಗೆ, ಏಳು ಬೇರೆಯವರಿಗೆ. ಗಾಜು ಒರೆಸುವವರು, ಪೈಪು ಕೂರಿಸುವವರು, ಬಣ್ಣದವರು. ಎಲ್ಲರಿಗೂ ನನ್ನ ಹೆಸರು ಹೇಳಿಯೇ ಕೊಟ್ಟಿದ್ದಾನೆ.

ಯಾರಿಗೆ ಕೊಟ್ಟೆ, ವಿಳಾಸ ಹೇಳು, ಈಗಲೇ ಹೋಗಿ ಕಿತ್ತುಕೊಂಡು ಬರೋಣ ಎಂದೆ. ಹೇಳಲಿಲ್ಲ. ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. ವಾಪಸ್ ಕೇಳೋಕೆ ಹೋದ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ, ಉಳಿದವು ಗಟ್ಟಿಯಾಗೇ ಇವೆ, ಏನೂ ಆಗಲ್ಲ ಸುಮ್ನಿರು ಎಂದ. ಸುಮ್ಮನಿರಲ್ಲ ಎಂದೆ. ಆಗ ಅವನು ತಟ್ಟೆಗೆ ಅನ್ನ ಬಡಿಸಿಕೊಳ್ಳುತ್ತಲೇ, ಕಾಗದದ ಮೇಲೆ ಸಹಿ ಇರೋದು ನಿಂದು ಅಕ್ಕಾ, ನಂದಲ್ಲ. ಠಾಣೆಗೆ ಹೋದ್ರೆ ಅಕ್ಕನೇ ಮಾರಿದ್ದು ಅಂತ ನಾನು ಹೇಳ್ಬೇಕಾಗುತ್ತೆ ಎಂದ. ಕೋಪದಲ್ಲಿ ಹೇಳಿದ್ದಲ್ಲ. ಮೊದಲೇ ಯೋಚಿಸಿಟ್ಟುಕೊಂಡ ಮಾತು. ಸಾಹೇಬರೇ, ಬೇರೆಯವರು ಬೆನ್ನಿಗೆ ಚೂರಿ ಹಾಕಿದ್ದರೆ ತಿರುಗಿ ನೋಡಿ ಉಗಿಯುತ್ತಿದ್ದೆ. ಇವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

ಸಹಿ ನನ್ನದೇ. ನೋಡದೆ ಹಾಕಿದ್ದು ತಪ್ಪು. ಅದಕ್ಕೆ ಏನು ಶಿಕ್ಷೆಯೋ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಮೊದಲು ಏಳು ಹಗ್ಗ ಸಿಗಬೇಕು. ನಾಳೆ ಬೆಳಿಗ್ಗೆ 7.30ಕ್ಕೆ ಕೆಲಸದವರು ಮೇಲೆ ಹತ್ತುತ್ತಾರೆ. ಅವರು ಯಾರು, ಎಲ್ಲಿನವರು ನನಗೆ ಗೊತ್ತಿಲ್ಲ. ತಮ್ಮನೊಬ್ಬನಿಗೇ ಗೊತ್ತು.

3.50ಕ್ಕೆ ನಾನು ಚಪ್ಪಲಿ ಮೆಟ್ಟಿದೆ. ಎಲ್ಲಿಗೆ ಅಕ್ಕಾ ಎಂದು ಕೇಳಿದ. ಆಸ್ಪತ್ರೆಗೆ ಹಲ್ಲಿಗೆ ಒಂದು ಹೊದಿಕೆ ಕೊಟ್ಟು ಬರ್ತೀನಿ, ನೀನು ಸ್ವಲ್ಪ ಮಲಗು ಎಂದೆ. ನಂಬಿದ. ಇಷ್ಟು ವರ್ಷದಲ್ಲಿ ನಾನು ಅವನಿಗೆ ಹೇಳಿದ ಮೊದಲ ಸುಳ್ಳು. ಅವನು ಗೋಡೆಯ ಕಡೆ ತಿರುಗಿ ಮಲಗುವವರೆಗೂ ಕಾದು, ಹೊರಗಿನಿಂದ ಸದ್ದಾಗದಂತೆ ಬೀಗ ಹಾಕಿದೆ. ಹಿಂದಿನ ಕಿಟಕಿಗೆ ಸರಳಿದೆ, ಬೇರೆ ದಾರಿ ಇಲ್ಲ. ಅಲ್ಲಿಂದ 1.2 ಕಿಲೋಮೀಟರ್ ನಡೆದು 4.10ಕ್ಕೆ ಇಲ್ಲಿಗೆ ಬಂದೆ. ಹೇಳಿಕೆ ಬರೆಸುತ್ತಿರುವಾಗ ನನ್ನ ಮೊಬೈಲಿಗೆ ಅವನಿಂದ ಹನ್ನೊಂದು ಸಲ ಕರೆ ಬಂದಿದೆ. ಎತ್ತಿಲ್ಲ. ಶೆಡ್ಡಿನ ಕೀಲಿಯನ್ನು ದಫೇದಾರರ ಮೇಜಿನ ಮೇಲೆ ಇಟ್ಟಿದ್ದೇನೆ.

ಇಷ್ಟನ್ನು ನನ್ನ ಬಾಯಿಂದಲೇ ಹೇಳಿ ಬರೆಸಿದ್ದೇನೆ, ಓದಿಸಿ ಕೇಳಿದ್ದೇನೆ, ಒಂದಕ್ಷರವೂ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 18, ಸಂಜೆ 5.35
ಸಹಿ: ಗುಡಾರದಕ್ಕ, ಆರೋಪಿಯ ಅಕ್ಕ