ಹಬ್ಬದ ದಿನ ಒಂದೇ ಗೂಡಿಗೆ ಬಿಟ್ಟ ಐದು ಇಲಿಗಳು

ಹೆಸರು ಅಶ್ವಿನಿ, ತಂದೆ ಈರಭದ್ರಪ್ಪ, 27 ವರ್ಷ, ಪ್ರಾಣಿಶಾಸ್ತ್ರ ಸಂಶೋಧನಾ ವಿದ್ಯಾರ್ಥಿನಿ, ವಾಸ ಸಾವಿತ್ರಮ್ಮನವರ ಮನೆಯ ಮಹಡಿ, ತರೀಕೆರೆ. ಸಾವಿತ್ರಮ್ಮನವರ ಮಗ ಸಿದ್ದೇಶ್ ನನ್ನ ಮೇಲೆ ಕೊಟ್ಟ ದೂರಿನ ಬಗ್ಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಮಾರ್ಗದರ್ಶಕರ ಅನುಮತಿ ಪಡೆದು ಐದು ಬಿಳಿ ಗಂಡಿಲಿಗಳನ್ನು ಸಾಕಿರುತ್ತೇನೆ. ಹಿಂದೆ ಆಡಿದ ಜಗಳ ಇಲಿಯ ಮುಂದಿನ ನಡತೆಯನ್ನು ಹೇಗೆ ಬದಲಿಸುತ್ತದೆ ಎಂಬುದು ನನ್ನ ಅಧ್ಯಯನ. ಮೇಲಿಂದ ಮೇಲೆ ಗೆದ್ದ ಇಲಿ ಯಾವುದು ಎದುರಾದರೂ ಕಾರಣವಿಲ್ಲದೆ ಮೈಮೇಲೆ ಬೀಳುತ್ತದೆ. ಸೋತದ್ದು ತನಗಿಂತ ಚಿಕ್ಕದನ್ನು ಕಂಡರೂ ಮೂಲೆ ಸೇರುತ್ತದೆ. ಆದ್ದರಿಂದ ಒಂದೊಂದನ್ನೂ ಬೇರೆ ಬೇರೆ ಗೂಡಿನಲ್ಲಿ ಇಟ್ಟಿದ್ದೆ. ಸೋತ ಇಲಿಯ ಬೆನ್ನಿಗೆ ನೀಲಿ ಬಣ್ಣ ಹಚ್ಚಿದ್ದೆ. ಅದು ಇನ್ನು ಸುಧಾರಿಸುವುದಿಲ್ಲ ಎಂದು ನಾನೇ ಕೈಬಿಟ್ಟಿದ್ದೆ. ಉಳಿದ ಮೂರನ್ನು ಹೋಲಿಕೆಗೆಂದು ಜಗಳಕ್ಕೇ ಬಿಟ್ಟಿರಲಿಲ್ಲ.

ನಿನ್ನೆ ಗಣೇಶ ಚೌತಿಗೆ ಅಮೃತಾಪುರದ ನಮ್ಮ ಮನೆಗೆ ಹೋಗುವಾಗ, ಇಲಿಗಳಿಗೆ ನೀರಿಡಲು ಸಾವಿತ್ರಮ್ಮನವರಿಗೆ ಹೇಳಿದ್ದೆ. ಅವರು ಗಣಪನ ವಾಹನಗಳು ಹಬ್ಬದ ದಿನ ಒಂಟಿಯಾಗಿ ಉಣ್ಣಬಾರದೆಂದು ಐದನ್ನೂ ದೊಡ್ಡ ಗೂಡಿಗೆ ಬಿಟ್ಟು, ಕುಂಕುಮ ಇಟ್ಟು, ಕಡುಬು ಹಾಕಿದ್ದಾರೆ. ಗೆದ್ದ ಇಲಿ ತಕ್ಷಣ ಉಳಿದವುಗಳ ಮೇಲೆ ಬಿದ್ದಿದೆ. ಬಿಡಿಸಲು ಹೋದ ಅವರ ಹೆಬ್ಬೆರಳು ಕಚ್ಚಿದೆ. ಅವರು ಅದನ್ನು ಬೇರೆ ಗೂಡಿಗೆ ಹಾಕಿ, ಮಿಕ್ಕ ನಾಲ್ಕನ್ನು ಒಟ್ಟಿಗೇ ಬಿಟ್ಟು ಆಸ್ಪತ್ರೆಗೆ ಹೋಗಿದ್ದಾರೆ.

ನಿನ್ನೆ ಮಧ್ಯಾಹ್ನವೇ ನಾನು ಮರಳಿದಾಗ ಸಿದ್ದೇಶ್ ಇಲಿ ಪಾಷಾಣದ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. "ಸಂಜೆಯೊಳ್ಗೆ ಒಂದೂ ಉಳೀಬಾರ್ದು ಕಣ್ರೀ, ನಮ್ಮಮ್ಮನ ಕೈ ನೋಡಿ" ಎಂದರು. ನನಗೂ ಸಿಟ್ಟು ನೆತ್ತಿಗೇರಿ ಅವರನ್ನು ತಳ್ಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ತಳ್ಳಿದ್ದು ನಿಜ.

ಒಳಗೆ ನೀಲಿ ಇಲಿ ಮೂಲೆಯಲ್ಲಿರಲಿಲ್ಲ. ಎಂದೂ ಜಗಳವಾಡದ ಎರಡು ಇಲಿಗಳ ನಡುವೆ ಕೂತು ಅದೇ ಕಡುಬನ್ನು ತಿನ್ನುತ್ತಿತ್ತು. ಒಂದು ಅದರ ಬೆನ್ನು ಹತ್ತಿ ದಾಟಿದರೂ ಓಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಸೋತದ್ದಕ್ಕೆ ಸಾಧುವಾದ ಜೊತೆ ಸಿಕ್ಕರೆ ಚೇತರಿಸಿಕೊಳ್ಳಬಹುದೇ ಎಂದು ನೋಡಲು ಈ ಇಲಿಗಳು ಜೀವಂತ ಇರಬೇಕು. ಇವನ್ನು ಕೊಲ್ಲಿಸಬಾರದೆಂದು ಕೋರುತ್ತೇನೆ.

ಇಷ್ಟು ಬರೆಸುವಾಗ ಸಾವಿತ್ರಮ್ಮನವರು ಠಾಣೆಗೆ ಬಂದು, ಅಲ್ಲೇ ಕೂತಿದ್ದ ಮಗನಿಗೆ, "ಲೇ, ಕೈ ಹಾಕಿದ್ದು ನಾನು ಕಣೋ. ಹೊಡೆದಾಡಿ ಹೊಡೆದಾಡಿ ಅದುಕ್ಕೆ ಅದೇ ರೂಢಿ ಆಗೈತೆ, ಅದೇನ್ ಮಾಡ್ತದೆ?" ಎಂದರು. ಸಿದ್ದೇಶ್ ದೂರು ಹಿಂದಕ್ಕೆ ಪಡೆಯಲು ಒಪ್ಪಿದರು. ನಾನು ತಳ್ಳಿದ್ದಕ್ಕೆ ಕ್ಷಮೆ ಕೇಳಿದೆ. ಕಚ್ಚಿದ ಇಲಿಯೂ ಜಗಳ ಮರೆಯುತ್ತದೆಯೇ ಎಂದು ಸಿದ್ದೇಶ್ ಕೇಳಿದರು. ಗೊತ್ತಿಲ್ಲವೆಂದೆ. ಹಾಗಾದರೆ ನಾಳೆಯಿಂದ ತಾನೂ ಮಹಡಿಗೆ ಬಂದು ನೋಡುತ್ತೇನೆಂದರು.

ಮೇಲೆ ಬರೆಸಿದ್ದನ್ನು ಓದಿ ಕೇಳಿಸಿರುತ್ತಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ತರೀಕೆರೆ
ದಿನಾಂಕ: 28-08-2025
ಸಹಿ: ಅಶ್ವಿನಿ ಈ.