ಚಂದ್ರಿಯ ಕುಬಸ

ಅಯ್ಯ, ಸುಮ್ಮ ಯಾಕ ನಿಂತ್ರಿ ಅಶ್ಫಾಕ ಸಾಹೇಬ್ರ? ಕೈ ಮೊಣಕೈಮಟ ಒಳಗ ಹೋಗೇತಿ, ಏನರೆ ಹತ್ತಿತೇನ್ರಿ ಕೈಗೆ?... ಚಂದ್ರೀ, ಅಲಗಾಡಬ್ಯಾಡವ್ವಾ! ನಿನ್ನ ಹೊಟ್ಟ್ಯಾಗ ಕರಾ ಐತೋ ಇಲ್ಲೋ ಡಾಕ್ಟರ್ ನೋಡಾಕತ್ತಾರ.

ಯಾಕ ನಗ್ತೀರಿ? ಕೋಡಿಗೆ ಹಸಿರ ಬಳಿ ಹಾಕ್ಯಾರಂತೇನ್ರಿ? ನಮ್ಮಾಕಿ ಸಿದ್ದಲಿಂಗವ್ವನ ಕೆಲಸ. ಇವತ್ತ ಚಂದ್ರಿ ಕುಬಸ ಐತ್ರಿ. ಹೌದ್ರಿ, ಬಸರಿ ಹೆಣ್ಮಗಳಿಗೆ ಮಾಡಿದಂಗ ಆಕಳ ಕುಬಸ! ಬಾಲ ಎತ್ತಾಕಂತ ಈಗ ಸರಿಸಿದ್ರಲ್ಲ, ಆ ಸೀರಿ ನಮ್ಮ ಲಗ್ನದ್ದು! ಓಣ್ಯಾಗಿನ ಐದ ಮಂದಿ ಮುತ್ತೈದೇರು ಉಡಿ ತುಂಬಾಕ ಬರೋರದಾರ. ಪೀರಬಿ ವೈನಿ ಸೈತ ಹಸಿರ ಸೀರಿ ಉಟ್ಕೊಂಡ ಬರ್ತೇನಿ ಅಂದಾಳ. ಒಳಗ ಹೋಳಿಗಿ ಬೇಯಾಕತ್ತಾವ.

ನಗಬ್ಯಾಡ್ರಿ. ನಮ್ಮ ಲಗ್ನಾಗಿ ಹದಿನೆಂಟ ವರ್ಷಾತು, ಈ ಅಂಗಳದಾಗ ಒಂದ ಕುಬಸ ಆಗಿಲ್ಲ. ನಮ್ಮಾಕಿ ಮಂದಿ ಮನಿ ಕುಬಸಕ್ಕ ಹೋಗಿ ಹಾಡ ಹೇಳಿ ಬರ್ತಾಳ, ಬಂದು ಗ್ವಾದಲಿ ಹಂತ್ಯಾಕ ಕುಂತು ಚಂದ್ರಿಗೆ ಮೇವ ಹಾಕ್ತಾಳ. ಕುಬಸಕ್ಕ ಮುಂಚೆ ನಿಮಗ ತೋರಸೂಣು ಅಂದಾಕಿನೂ ಆಕಿನ. ಅದಕ್ಕ... ಗಬ್ಬ ಐತಿ ಅಂದ್ಬಿಡ್ರಿ. ಅಷ್ಟ ಅಂದ್ರ ಸಾಕು.

ಹುಬ್ಬ ಯಾಕ ಏರಿಸಿದ್ರಿ? ಖರೇನ ಮೋರಟಗಿ ಖಲೀಲನ ಹೋರಿ ಹಂತ್ಯಾಕ ಒಯ್ದಿದ್ದೆ! ಹೋರಿ ಬಣ್ಣಾ? ಬೆಳ್ಳಗ... ಕರ್ರಗ... ಬೆಳ್ಳಗ ಕರ್ರಗ! ಹಂಗ್ಯಾಕ ನೋಡ್ತೀರಿ? ಏನರೆ ಮಾತಾಡ್ರಿ ಮಾರಾಯ್ರ!

...ಆತ್ರಿ. ಹೇಳ್ತೇನಿ. ಒಯ್ದಿಲ್ಲ. ಮೋರಟಗಿ ಮುಟ್ಟೇ ಇಲ್ಲ. ದಾರ್ಯಾಗ ಕನ್ನೊಳ್ಳಿ ಊರಾಗ ಕಬಡ್ಡಿ ನಡದಿತ್ತು. ಒಂದ ಆಟ ನೋಡೂಣಂತ ಇಕಿನ್ನ ಬೇವಿನ ಗಿಡಕ್ಕ ಕಟ್ಟಿ ಕುಂತೆ. ಫೈನಲ್ ಮುಗಿಯೂದ್ರಾಗ ಹೊತ್ತ ಮುಳುಗಿತು. ಮನಿಗೆ ಬಂದು, ಎಲ್ಲಾ ಆತು ಅಂತ ಸುಳ್ಳ ಹೇಳಿದೆ. ಅವತ್ತಿಂದ ಈ ಗುರುಲಿಂಗಪ್ಪಗ ತಂಗಳ ರೊಟ್ಟಿ, ಚಂದ್ರಿಗೆ ಹುಗ್ಗಿ! ದಿನಾ ಹೊಟ್ಟಿ ಸವರಿ ಜೋಗುಳಾ ಹಾಡ್ತಾಳ್ರಿ ನಮ್ಮಾಕಿ. ಇನ್ನ ಯಾವ ಬಾಯಿಲೆ ಹೇಳ್ಲಿ ಆಕಿಗೆ?

ಐದ ಬೆರಳ ಯಾಕ ತೋರಸ್ತೀರಿ?... ಐದ ತಿಂಗಳಾ? ಗಬ್ಬ ಐತಾ? ಖರೇನಾ? ತಡೀರಿ, ತಡೀರಿ... ಹ್ಯಾಂಗ?... ಅಯ್ಯಯ್ಯ! ಕಬಡ್ಡಿ ಆಗಿ ಈಗ ಐದ ತಿಂಗಳನ ಆತು, ಅವತ್ತ ಆಟ ಮುಗದ ಮ್ಯಾಲ ನೋಡಿದ್ರ ಗಿಡದ ಬುಡಕ ಬರೇ ಹಗ್ಗ ಇತ್ತ್ರಿ! ಹುಡುಕಿದ್ರ ಯಾರದೋ ತೊಗರಿ ಹೊಲದಾಗ, ಒಂದ ಕೋಡ ಮುರದ ಹೋರಿ ಬಾಜೂಕ ನಿಂತಿದ್ಲು! ಭಪ್ಪರೆ ಚಂದ್ರೀ! ನಿನ್ನ ಕೆಲಸ ನೀನ ಮುಗಿಸ್ಕೊಂಡ ಬಂದೀಯಲ್ಲ!

ಸಾಹೇಬ್ರ, ಈ ಕಬಡ್ಡಿ ಮಾತು ನಮ್ಮಾಕಿ ಮುಂದ ಬ್ಯಾಡ್ರಿ. ಖಲೀಲನ ಹೋರಿ, ಅಷ್ಟ. ಆತಿಲ್ರಿ?... ಹೂಂ ಅನ್ನವಲ್ರಿ ಯಾಕ? ನನ್ನ ಹಿಂದ ಏನ ನೋಡಾಕತ್ತೀರಿ?

...ಸಿದ್ದಲಿಂಗವ್ವಾ! ಯಾವಾಗಿಂದ ನಿಂತಿ ಇಲ್ಲೆ? ಕೇಳಿದೇನು, ಗಬ್ಬ ಐತಂತ! ಐದ ತಿಂಗಳಂತ! ಅಳಬ್ಯಾಡ... ನಗಾಕತ್ತೀಯೇನ? ಹುಚ್ಚಿ... ಎದಕ್ಕ ಆ ಹಗ್ಗ? ಅದು ಚಂದ್ರೀದಲ್ಲ? ನನ್ನ ನಡಕ್ಕ ಯಾಕ ಸುತ್ತಾಕತ್ತಿ? ಏ, ಇನ್ನ ಕಬಡ್ಡಿ ನೋಡಾಕ ಹೋಗೂದಿಲ್ಲ ಬಿಡ, ಗೂಟಕ್ಕ ಕಟ್ಟಬ್ಯಾಡ, ಮುತ್ತೈದೇರು ಬರೂ ಹೊತ್ತಾತು!... ಸಾಹೇಬ್ರ, ಈಗರೆ ಬಾಯಿ ಬಿಡ್ರಿ!